ಹಿಲ್ಡೆ ಮ್ಯಾಂಗೋಲ್ಡ್ ಮತ್ತು ಎರಡು ಬೆನ್ನಿನ ಭ್ರೂಣ

ಒಂದು ಪಿಎಚ್‌ಡಿ ಥೀಸಿಸ್‌ನ ಕೆಲಸಕ್ಕೇ ನೇರವಾಗಿ ನೊಬೆಲ್ ಬಂದ ಉದಾಹರಣೆಗಳು ತುಂಬಾ ಕಮ್ಮಿ. ಅಂಥ ಒಂದು ಥೀಸಿಸ್ ಬರೆದವಳು ಹಿಲ್ಡೆ ಮ್ಯಾಂಗೋಲ್ಡ್. ನೊಬೆಲ್ ಬಂದದ್ದು ಮಾತ್ರ ಅವಳ ಗೈಡ್ ಹಾನ್ಸ್ ಸ್ಪೇಮನ್ ಅವರಿಗೆ, 1935ರಲ್ಲಿ, ಅವರೊಬ್ಬರಿಗೇ. ಆ ಹೊತ್ತಿಗೆ ಹಿಲ್ಡೆ ತೀರಿಹೋಗಿ ಹನ್ನೊಂದು ವರ್ಷ ಆಗಿತ್ತು. ಸಾಯುವಾಗ ಅವಳಿಗೆ 25 ವರ್ಷ.

ಬಯೋಟೆಕ್ ಬ್ರಾಂಚಿನವರಿಗೆ ಸ್ಪೇಮನ್-ಮ್ಯಾಂಗೋಲ್ಡ್ ಆರ್ಗನೈಸರ್ ಅನ್ನೋ ಹೆಸರು ಗೊತ್ತಿರುತ್ತೆ. ಉಳಿದವರಿಗೆ ಗೊತ್ತಿಲ್ಲದಿದ್ರೂ ಪರವಾಗಿಲ್ಲ, ನಂದೂ ಇಲೆಕ್ಟ್ರಾನಿಕ್ಸ್ ಬ್ರಾಂಚೇ. ಇನ್ನೊಂದು ವಿಷಯ: ಇಲ್ಲಿ ಸ್ಪೇಮನ್‌ಗೆ ಬಹುವಚನ, ಹಿಲ್ಡೆಗೆ ಏಕವಚನ ಬಳಸಿದ್ದೀನಿ. ಅಗೌರವ ಅಂದ್ಕೋಬೇಡಿ. ಪ್ರಯೋಗ ಶುರು ಮಾಡಿದಾಗ ಅವಳು ನಮ್ಮ ಫೈನಲ್ ಇಯರ್ ಅಕ್ಕಂದಿರ ವಯಸ್ಸಿನವಳು. ಅವರು ಅಂತ ಬರೆಯೋಕೆ ಕೈ ಬರಲಿಲ್ಲ.

ಹಿಲ್ಡೆ ಹುಟ್ಟಿದ್ದು 1898ರ ಅಕ್ಟೋಬರ್ 20ರಂದು, ಜರ್ಮನಿಯ ಗೋಥಾ ಅನ್ನೋ ಊರಲ್ಲಿ. ಮದುವೆಗೆ ಮುಂಚಿನ ಹೆಸರು ಹಿಲ್ಡೆ ಪ್ರೋಶೋಲ್ಟ್. ಅಪ್ಪನಿಗೆ ಸೋಪಿನ ಕಾರ್ಖಾನೆ ಇತ್ತು, ಮನೆಯಲ್ಲಿ ಅನುಕೂಲ ಇತ್ತು. ಮೊದಲ ಮಹಾಯುದ್ಧ ಮುಗಿಯೋ ವರ್ಷ, ಅಂದರೆ 1918ರಲ್ಲಿ, ಯೇನಾ ವಿಶ್ವವಿದ್ಯಾಲಯ ಸೇರಿದಳು. ಅಲ್ಲಿಂದ ಫ್ರಾಂಕ್‌ಫರ್ಟ್‌ಗೆ ಹೋದಳು. ಅಲ್ಲಿ ಒಂದು ದಿನ ಸ್ಪೇಮನ್ ಅವರ ಉಪನ್ಯಾಸ ಕೇಳಿದಳು. ಭ್ರೂಣವನ್ನು ಬರೀ ನೋಡಿ ಚಿತ್ರ ಬರೆಯೋದಲ್ಲ, ಕತ್ತರಿಸಿ, ಜೋಡಿಸಿ, ಪ್ರಶ್ನೆ ಕೇಳಬಹುದು ಅನ್ನೋದು ಆ ಉಪನ್ಯಾಸದ ವಿಷಯ. ಅದು ಅವಳನ್ನ ಎಷ್ಟು ಹಿಡೀತು ಅಂದ್ರೆ 1920ರಲ್ಲಿ ಗಂಟುಮೂಟೆ ಕಟ್ಟಿಕೊಂಡು ಸ್ಪೇಮನ್ ಇದ್ದ ಫ್ರೈಬುರ್ಗ್‌ಗೇ ಹೋಗಿಬಿಟ್ಟಳು.

ಫ್ರೈಬುರ್ಗ್ ಇರೋದು ಬ್ಲ್ಯಾಕ್ ಫಾರೆಸ್ಟ್ ಅಂಚಿನಲ್ಲಿ. ಆಗ ಅವಳ ಜೊತೆ ಅದೇ ಲ್ಯಾಬಿನಲ್ಲಿ ಇದ್ದವರು ವಿಕ್ಟರ್ ಹ್ಯಾಂಬರ್ಗರ್ ಮತ್ತು ಯೋಹಾನೆಸ್ ಹೋಲ್ಟ್‌ಫ್ರೇಟರ್. ಇಬ್ಬರೂ ಮುಂದೆ ದೊಡ್ಡ ಹೆಸರು ಮಾಡಿದರು. ಹಿಲ್ಡೆ ಬಗ್ಗೆ ಇವತ್ತು ನಮಗೆ ಗೊತ್ತಿರೋದರಲ್ಲಿ ಹೆಚ್ಚಿನದು ಹ್ಯಾಂಬರ್ಗರ್ ವಯಸ್ಸಾದ ಮೇಲೆ ನೆನಪು ಮಾಡಿಕೊಂಡು ಬರೆದದ್ದು. ಅವರಿಲ್ಲದಿದ್ದರೆ ಅವಳು ಒಂದು ಪೇಪರ್ ಮೇಲಿನ ಎರಡನೇ ಹೆಸರಾಗಿ ಮಾತ್ರ ಉಳೀತಿದ್ದಳು.

ಸ್ಪೇಮನ್ ಅವಳಿಗೆ ಮೊದಲು ಕೊಟ್ಟ ಪ್ರಾಜೆಕ್ಟ್ ಬೇರೆಯೇ. ಹೈಡ್ರಾ ಅನ್ನೋ ಚಿಕ್ಕ ನೀರುಜೀವಿಯನ್ನು ಕಾಲುಚೀಲ ತಿರುಗಿಸಿದ ಹಾಗೆ ಒಳಗಿನದು ಹೊರಗೆ ಮಾಡಬೇಕಿತ್ತು. 1740ರ ದಶಕದಲ್ಲಿ ಅಬ್ರಹಾಂ ಟ್ರೆಂಬ್ಲೇ ಅನ್ನೋರು ಇದನ್ನ ಮಾಡಿ ತೋರಿಸಿದ್ದರು. ಹಿಲ್ಡೆ ಮತ್ತೆ ಮತ್ತೆ ಪ್ರಯತ್ನಿಸಿದಳು, ಆಗಲಿಲ್ಲ. ಆಗ ಸ್ಪೇಮನ್ ವಿಷಯ ಬದಲಾಯಿಸಿಕೊಟ್ಟರು. ಹೈಡ್ರಾ ಕೈಕೊಟ್ಟಿದ್ದೇ ಒಳ್ಳೇದಾಯ್ತು ಅಂತ ಈಗ ಹೇಳಬಹುದು, ಆದರೆ ಗೈಡ್ ಟಾಪಿಕ್ ಬದಲಾಯಿಸು ಅಂದಾಗ ಯಾರಿಗೆ ತಾನೇ ಖುಷಿ ಆಗುತ್ತೆ?

ಹೊಸ ವಿಷಯ ಅರ್ಥ ಆಗಬೇಕಾದ್ರೆ ಸ್ವಲ್ಪ ಬಯಾಲಜಿ ಬೇಕು. ಒಂದು ಮೊಟ್ಟೆ ಒಡೆದೊಡೆದು ನೂರಾರು, ಸಾವಿರಾರು ಜೀವಕೋಶಗಳ ಒಂದು ಉಂಡೆ ಆಗುತ್ತೆ. ಆಮೇಲೆ ಉಂಡೆಯ ಒಂದು ಕಡೆ ಜೀವಕೋಶಗಳು ಒಳಕ್ಕೆ ನುಗ್ಗೋಕೆ ಶುರು ಮಾಡುತ್ವೆ. ಗಾಳಿ ಇಳಿದ ಫುಟ್‌ಬಾಲನ್ನು ಬೆರಳಿಂದ ಒತ್ತಿದರೆ ಒಂದು ಗುಳಿ ಬೀಳುತ್ತಲ್ಲ, ಸುಮಾರಾಗಿ ಹಾಗೆ. ಈ ಹಂತದ ಭ್ರೂಣಕ್ಕೆ ಗ್ಯಾಸ್ಟ್ರುಲಾ ಅಂತಾರೆ. ಆ ಗುಳಿಯ ಮೇಲಂಚಿಗೆ ಡಾರ್ಸಲ್ ಲಿಪ್, ಅಂದರೆ ಬೆನ್ನುಕಡೆಯ ತುಟಿ ಅಂತ ಹೆಸರು. ಪ್ರಾಣಿಯ ಬೆನ್ನು, ನರಮಂಡಲ ರೂಪುಗೊಳ್ಳೋದು ಆ ಕಡೆ.

ಈ ತುಟಿಯನ್ನು ಕತ್ತರಿಸಿ ಇನ್ನೊಂದು ಭ್ರೂಣದ ಪಕ್ಕಕ್ಕೆ ಕಸಿ ಮಾಡಿದರೆ ಅಲ್ಲೊಂದು ಎರಡನೇ ಭ್ರೂಣದ ಗುರುತು ಕಾಣುತ್ತೆ ಅಂತ ಸ್ಪೇಮನ್ ಮೊದಲೇ ನೋಡಿದ್ದರು, 1918ರಲ್ಲಿ ಪ್ರಕಟ ಕೂಡ ಮಾಡಿದ್ದರು. ಆದರೆ ಒಂದು ತೊಡಕಿತ್ತು. ಕೊಟ್ಟ ಭ್ರೂಣವೂ ಪಡೆದ ಭ್ರೂಣವೂ ಒಂದೇ ಜಾತಿ, ಒಂದೇ ಬಣ್ಣ. ಹಾಗಾಗಿ ಆ ಎರಡನೇ ಭ್ರೂಣ ಯಾರದು? ಕಸಿ ಮಾಡಿದ ತುಂಡೇ ಬೆಳೆದು ಹಾಗಾಯ್ತಾ, ಅಥವಾ ತುಂಡು ಅಕ್ಕಪಕ್ಕದ ಜೀವಕೋಶಗಳಿಗೆ ಏನೋ ಹೇಳಿ ಅವುಗಳ ಕೈಲಿ ಮಾಡಿಸ್ತಾ? ಈ ಎರಡರ ನಡುವೆ ಆಕಾಶ ಭೂಮಿ ವ್ಯತ್ಯಾಸ ಇದೆ. ಮೊದಲನೆಯದಾದರೆ ಒಂದು ಬೀಜ ಎಲ್ಲಿ ಹಾಕಿದರೂ ಮೊಳಕೆ ಒಡೆದ ಹಾಗೆ, ಅಷ್ಟೆ. ಎರಡನೆಯದಾದರೆ ಜೀವಕೋಶಗಳು ಪರಸ್ಪರ ಮಾತಾಡ್ತವೆ ಅಂತಾಯ್ತು.

ಇದನ್ನ ಬಿಡಿಸೋ ಉಪಾಯ ಸರಳ: ಎರಡು ಬಣ್ಣ. ನ್ಯೂಟ್ ಅಂತ ಸಲಮಾಂಡರ್ ಗುಂಪಿನ ಒಂದು ಪ್ರಾಣಿ ಇದೆ. ಅದರಲ್ಲಿ ಒಂದು ಜಾತಿಯ ಮೊಟ್ಟೆ ಬಿಳಿ, ಇನ್ನೊಂದರದು ಕಂದು. ಬಿಳಿ ಜಾತಿಯ ತುಟಿಯನ್ನ ಕಂದು ಜಾತಿಯ ಭ್ರೂಣಕ್ಕೆ ಹಾಕಿದರೆ ಆಮೇಲೆ ಯಾವ ಜೀವಕೋಶ ಯಾರದು ಅಂತ ಬಣ್ಣವೇ ಹೇಳುತ್ತೆ. ನಾವು ಸರ್ಕ್ಯೂಟಿಗೆ ಕೆಂಪು ವೈರು ಕಪ್ಪು ವೈರು ಹಾಕೋದೂ ಇದೇ ಕಾರಣಕ್ಕೆ. ಈ ಐಡಿಯಾ ಸ್ಪೇಮನ್ ಅವರದ್ದು, ಅದರಲ್ಲಿ ಅನುಮಾನ ಇಲ್ಲ.

ಹೇಳೋಕೆ ಸರಳ, ಮಾಡೋದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಇಲ್ಲಿ ನಿಜವಾಗಲೂ ಕೂದಲೇ ಉಪಕರಣ! ಭ್ರೂಣ ಒಂದೆರಡು ಮಿಲಿಮೀಟರ್ ಅಷ್ಟೆ. ಅದರ ಸುತ್ತ ಇರೋ ಅಂಟು ಪೊರೆಯನ್ನ ಮೊದಲು ಬಿಡಿಸಬೇಕು. ಕತ್ತರಿಸೋಕೆ ಬೆಂಕಿಯಲ್ಲಿ ಎಳೆದು ಮಾಡಿದ ಗಾಜಿನ ಸೂಜಿ. ತುಂಡನ್ನ ಸರಿಸೋಕೆ ಹಸುಗೂಸಿನ ಕೂದಲಿಂದ ಮಾಡಿದ ಕುಣಿಕೆ, ಯಾಕಂದ್ರೆ ದೊಡ್ಡವರ ಕೂದಲು ಆ ಕೆಲಸಕ್ಕೆ ತುಂಬಾ ಒರಟು. ಕಸಿ ಮಾಡಿದ ತುಂಡು ಅಂಟಿಕೊಳ್ಳೋವರೆಗೆ ಅದರ ಮೇಲೆ ಒಂದು ಪುಟ್ಟ ಗಾಜಿನ ತುಣುಕು ಇಟ್ಟು ಹಿಡಿಯಬೇಕು. ಇದೆಲ್ಲಾ ಮೈಕ್ರೋಸ್ಕೋಪ್ ಕೆಳಗೆ, ಬರಿಗೈಯಲ್ಲಿ. ಇವತ್ತಿನ ಹಾಗೆ ಮೈಕ್ರೋಮ್ಯಾನಿಪ್ಯುಲೇಟರ್, ಕ್ಯಾಮೆರಾ, ಸ್ಕ್ರೀನ್ ಏನೂ ಇಲ್ಲ.

ಕಸಿ ಚೆನ್ನಾಗಿ ಆದರೂ ಮುಗೀಲಿಲ್ಲ. ಆಂಟಿಬಯೋಟಿಕ್ ಇಲ್ಲದ ಕಾಲ. ಪೊರೆ ಬಿಚ್ಚಿದ ಭ್ರೂಣಕ್ಕೆ ಸೋಂಕು ತಗುಲಿ ಒಂದೆರಡು ದಿನದಲ್ಲಿ ಕೊಳೆತು ಹೋಗೋದು ಮಾಮೂಲು. ಜೊತೆಗೆ ನ್ಯೂಟ್‌ಗಳು ಮೊಟ್ಟೆ ಇಡೋದು ವಸಂತ ಕಾಲದಲ್ಲಿ ಮಾತ್ರ. ಅಂದರೆ ವರ್ಷಕ್ಕೆ ಒಂದೇ ಸೀಸನ್. ಆ ಕೆಲವು ವಾರದಲ್ಲಿ ಆಗಲಿಲ್ಲ ಅಂದ್ರೆ ಮುಂದಿನ ವರ್ಷ. ಹಿಲ್ಡೆ 1921 ಮತ್ತು 1922ರ ಸೀಸನ್‌ಗಳಲ್ಲಿ ನೂರಾರು ಕಸಿ ಮಾಡಿದಳು. ಪೇಪರಿನಲ್ಲಿ ವಿವರವಾಗಿ ಬರೆಯೋ ಹಾಗೆ ಉಳಿದದ್ದು ಬೆರಳೆಣಿಕೆಯಷ್ಟು. ಅವೂ ಪೂರ್ತಿ ಮರಿಯಾಗುವ ತನಕ ಬದುಕಲಿಲ್ಲ. ಆದರೆ ಉತ್ತರ ಕೊಡೋಷ್ಟು ದಿನ ಬದುಕಿದವು.

ಉತ್ತರ ಕಂಡದ್ದು ಆ ಭ್ರೂಣಗಳನ್ನ ಮೇಣದಲ್ಲಿ ಕೂರಿಸಿ, ತೆಳ್ಳಗೆ ಹೋಳು ಮಾಡಿ, ಒಂದೊಂದೇ ಹೋಳನ್ನ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ. ಕಂದು ಭ್ರೂಣದ ಪಕ್ಕದಲ್ಲಿ ಎರಡನೇ ಬೆನ್ನು ಎದ್ದಿತ್ತು. ಅದರಲ್ಲಿ ನೋಟೊಕಾರ್ಡ್, ಅಂದರೆ ಬೆನ್ನುಮೂಳೆಗಿಂತ ಮುಂಚೆ ಬರೋ ಕಡ್ಡಿಯಂಥ ಭಾಗ, ಬಿಳಿ ಜೀವಕೋಶಗಳದ್ದು, ಅಂದರೆ ಕಸಿಯದ್ದು. ಮಾಂಸಖಂಡ ಆಗಬೇಕಾದ ಭಾಗಗಳಲ್ಲಿ ಎರಡೂ ಬಣ್ಣ ಬೆರೆತಿತ್ತು. ಮೆದುಳು, ಬೆನ್ನುಹುರಿ ಆಗಬೇಕಾದ ನರನಳಿಕೆ? ಅದು ಬಹುಪಾಲು ಕಂದು. ಹೊಟ್ಟೆ ಕಡೆಯ ಚರ್ಮ ಆಗಿ ಬದುಕು ಮುಗಿಸಬೇಕಿದ್ದ ಜೀವಕೋಶಗಳು ಪಕ್ಕದಲ್ಲಿ ಕೂತ ಒಂದು ಚಿಕ್ಕ ತುಂಡಿನ ಮಾತು ಕೇಳಿ ನರಮಂಡಲ ಕಟ್ಟಿದ್ದವು. ತುಂಡು ತಾನು ಬೆಳೆದದ್ದು ಸ್ವಲ್ಪ, ಬೇರೆಯವರ ಕೈಲಿ ಕೆಲಸ ಮಾಡಿಸಿದ್ದು ಜಾಸ್ತಿ. ಅದಕ್ಕೇ ಸ್ಪೇಮನ್ ಅದಕ್ಕೆ ಆರ್ಗನೈಸರ್ ಅಂತ ಹೆಸರಿಟ್ಟರು.

ಈ ನಡುವೆ 1921ರ ಅಕ್ಟೋಬರಿನಲ್ಲಿ ಹಿಲ್ಡೆ ಅದೇ ಲ್ಯಾಬಿನ ಅಸಿಸ್ಟೆಂಟ್ ಒಟ್ಟೋ ಮ್ಯಾಂಗೋಲ್ಡ್‌ರನ್ನ ಮದುವೆ ಆದಳು. ಆಮೇಲೆ ಒಬ್ಬ ಮಗ ಹುಟ್ಟಿದ, ಕ್ರಿಸ್ಟಿಯಾನ್. 1923ರಲ್ಲಿ ಪಿಎಚ್‌ಡಿ ಆಯ್ತು. ಜರ್ಮನಿಯಲ್ಲಿ ಬ್ರೆಡ್ ಕೊಳ್ಳೋಕೆ ಚೀಲದಲ್ಲಿ ನೋಟು ಒಯ್ಯಬೇಕಿದ್ದ ಹಣದುಬ್ಬರದ ವರ್ಷ ಅದು.

ಪೇಪರ್ ಪ್ರಕಟಣೆಗೆ ಹೋಗುವಾಗ ಸ್ಪೇಮನ್ ತಮ್ಮ ಹೆಸರು ಸೇರಿಸಿದರು, ಅದೂ ಮೊದಲು. ಅದೇ ಲ್ಯಾಬಿನ ಹ್ಯಾಂಬರ್ಗರ್ ಮತ್ತು ಹೋಲ್ಟ್‌ಫ್ರೇಟರ್ ತಮ್ಮ ಥೀಸಿಸ್ ಕೆಲಸವನ್ನ ತಮ್ಮೊಬ್ಬರ ಹೆಸರಲ್ಲೇ ಪ್ರಕಟಿಸಿದರು. ಹಿಲ್ಡೆಗೆ ಇದು ಬೇಸರ ತಂದಿತ್ತು ಅಂತ ಹ್ಯಾಂಬರ್ಗರ್ ನೆನಪಿಸಿಕೊಂಡಿದ್ದಾರೆ. ಬೇಸರ ಆಗದೆ ಇರುತ್ತಾ? ನಾಲ್ಕು ಜನರ ಮಿನಿ ಪ್ರಾಜೆಕ್ಟ್ ರಿಪೋರ್ಟಿನ ಕವರ್ ಪೇಜಲ್ಲಿ ಯಾರ ಹೆಸರು ಮೇಲೆ ಅನ್ನೋದಕ್ಕೇ ನಮ್ಮಲ್ಲಿ ಮಾತು ಬಿಡ್ತಾರೆ.

ಸ್ಪೇಮನ್ ಪರ ವಾದ ಮಾಡೋರು ಹೇಳೋದು ಏನಂದ್ರೆ ಪ್ರಶ್ನೆ ಅವರದ್ದು, ವಿಧಾನ ಅವರದ್ದು, ಎರಡು ಬಣ್ಣದ ಉಪಾಯ ಅವರದ್ದು, ಇಪ್ಪತ್ತು ವರ್ಷದ ಅನುಭವ ಅವರದ್ದು. ಹಿಲ್ಡೆ ಬರೀ ಕೈ. ಫಲಿತಾಂಶ ಎಷ್ಟು ದೊಡ್ಡದು ಅಂತ ಮೊದಲು ಅರ್ಥ ಆಗಿದ್ದು ಕೂಡ ಸ್ಪೇಮನ್‌ಗೇ ಅಂತಾರೆ. ಇರಬಹುದು. ಆದರೆ ನನಗನ್ನಿಸೋದು, ಈ ಪ್ರಯೋಗದಲ್ಲಿ ಕೈ ಅನ್ನೋದು ಬರೀ ಅಲ್ಲ. ನೂರಾರು ಸಲ ಸೋತು ಮುಂದಿನ ವಸಂತಕ್ಕೆ ಮತ್ತೆ ಸೂಜಿ ಹಿಡಿಯೋದು, ಕೊಳೆಯೋಕೆ ಶುರುವಾದ ಭ್ರೂಣವನ್ನ ಯಾವ ಗಂಟೆಯಲ್ಲಿ ಸಂರಕ್ಷಿಸಬೇಕು ಅಂತ ನಿರ್ಧರಿಸೋದು, ಹೋಳು ಹೋಳಾಗಿ ನೋಡಿ ಯಾವ ಜೀವಕೋಶ ಬಿಳಿ ಯಾವುದು ಕಂದು ಅಂತ ಗುರುತಿಸೋದು, ಇದೆಲ್ಲಾ ತಲೆಯ ಕೆಲಸವೇ. ಇಬ್ಬರ ಹೆಸರೂ ಇರಬೇಕಿತ್ತು, ಸರಿ. ಮೊದಲ ಹೆಸರು ಅವಳದ್ದಾಗಬೇಕಿತ್ತು.

1924ರಲ್ಲಿ ಒಟ್ಟೋಗೆ ಬರ್ಲಿನ್‌ನ ಕೈಸರ್ ವಿಲ್ಹೆಲ್ಮ್ ಸಂಸ್ಥೆಯಲ್ಲಿ ಕೆಲಸ ಸಿಕ್ಕಿ ಸಂಸಾರ ಅಲ್ಲಿಗೆ ಹೋಯ್ತು. ಅದೇ ವರ್ಷ ಅಡುಗೆಮನೆಯ ಒಲೆ ಸಿಡಿದು ಹಿಲ್ಡೆಗೆ ಮೈಯೆಲ್ಲಾ ಸುಟ್ಟಿತು. ಸೆಪ್ಟೆಂಬರ್ 4ರಂದು ತೀರಿಕೊಂಡಳು. ಪೇಪರ್ ಅಚ್ಚಾಗಿ ಬಂದದ್ದನ್ನ ಅವಳು ನೋಡಲೇ ಇಲ್ಲ. ಮಗ ಮುಂದೆ ಎರಡನೇ ಮಹಾಯುದ್ಧದಲ್ಲಿ ಸತ್ತ. ಅವಳು ಮಾಡಿಟ್ಟಿದ್ದ ಇನ್ನಷ್ಟು ಕಸಿ ಪ್ರಯೋಗಗಳ ಲೇಖನ 1929ರಲ್ಲಿ ಹೊರಬಂತು, ಆ ಸಲ ಅವಳೊಬ್ಬಳ ಹೆಸರಲ್ಲಿ.

ಆದರೆ ಕಥೆಯ ಅರ್ಧ ಭಾಗ ಶುರು ಆಗೋದೇ ಅವಳು ಹೋದ ಮೇಲೆ. ಆ ತುಂಡು ಪಕ್ಕದ ಜೀವಕೋಶಗಳಿಗೆ ಹೇಳಿದ್ದಾದರೂ ಏನು? ಎಲ್ಲರೂ ಅದರ ಹಿಂದೆ ಬಿದ್ದರು. 1932ರಲ್ಲಿ ವಿಚಿತ್ರ ಸುದ್ದಿ ಬಂತು: ಆರ್ಗನೈಸರನ್ನ ಸಾಯಿಸಿ ಕಸಿ ಮಾಡಿದರೂ ಕೆಲಸ ಮಾಡುತ್ತೆ. ಹಾಗಾದ್ರೆ ಒಳಗೊಂದು ರಾಸಾಯನಿಕ ಇರಬೇಕು. ಹುಡುಕಿದರು. ಆಮೇಲೆ ನೋಡಿದರೆ ಸಂಬಂಧವೇ ಇಲ್ಲದ ವಸ್ತುಗಳೂ, ಮೆಥಿಲೀನ್ ಬ್ಲೂ ಅನ್ನೋ ಬಣ್ಣ ಕೂಡ, ನ್ಯೂಟ್ ಭ್ರೂಣದಲ್ಲಿ ನರದ ಅಂಗಾಂಶ ಬರಿಸ್ತಿದ್ದವು. ಏನು ಹಾಕಿದರೂ ಹೌದು ಅನ್ನೋ ಉತ್ತರ ಬಂದರೆ ಆ ಟೆಸ್ಟಿಗೆ ಅರ್ಥ ಏನು? ದಶಕಗಟ್ಟಲೆ ಈ ಕ್ಷೇತ್ರವೇ ತಣ್ಣಗಾಯ್ತು.

ಉತ್ತರಕ್ಕೆ ಬೇಕಿದ್ದ ಒಂದು ಮುಖ್ಯ ಭಾಗ ಬೇರೆ ಕಡೆಯಿಂದ ಬಂತು. ಎಡ್ಮಂಡ್ ಫಿಷರ್, ಎಡ್ವಿನ್ ಕ್ರೆಬ್ಸ್ ಅನ್ನೋ ಇಬ್ಬರು 1950ರ ದಶಕದಲ್ಲಿ ಸ್ನಾಯುವಿನ ಎಂಜೈಮ್‌ಗಳನ್ನ ಅಧ್ಯಯನ ಮಾಡ್ತಾ ಒಂದು ಸ್ವಿಚ್ ಕಂಡುಹಿಡಿದರು. ಎಟಿಪಿಯಿಂದ ಒಂದು ಫಾಸ್ಫೇಟ್ ಕಿತ್ತು ಇನ್ನೊಂದು ಪ್ರೋಟೀನಿಗೆ ಅಂಟಿಸಿದರೆ ಆ ಪ್ರೋಟೀನ್ ಆನ್ ಅಥವಾ ಆಫ್ ಆಗುತ್ತೆ. ಅಂಟಿಸೋ ಎಂಜೈಮ್‌ಗೆ ಪ್ರೋಟೀನ್ ಕೈನೇಸ್ ಅಂತಾರೆ. ಇವರಿಗೂ ನೊಬೆಲ್ ಬಂತು, 1992ರಲ್ಲಿ. ಮನುಷ್ಯನಲ್ಲಿ ಇಂಥ 500ಕ್ಕೂ ಹೆಚ್ಚು ಕೈನೇಸ್‌ಗಳ ಜೀನ್ ಇವೆ. ಕೆಲವು ಜೀವಕೋಶದ ಪೊರೆಯಲ್ಲಿ ಆಂಟೆನಾ ಹಾಗೆ ಕೂತಿರುತ್ವೆ. ಹೊರಗೆ ಸಿಗ್ನಲ್ ಬಂದು ಕೂತರೆ ಒಳಗಿನ ಕೈನೇಸ್ ಭಾಗ ಚುರುಕಾಗಿ ಸುದ್ದಿ ಮುಟ್ಟಿಸುತ್ತೆ.

ಕಪ್ಪೆಯ ಭ್ರೂಣದಲ್ಲಿ ಬಿಎಂಪಿ ಅನ್ನೋ ಸಿಗ್ನಲ್ ಪ್ರೋಟೀನ್ ಹರಡಿರುತ್ತೆ. ಅದನ್ನ ಹಿಡಿಯೋ ರಿಸೆಪ್ಟರ್ ಒಂದು ಕೈನೇಸ್. ಅದು ಚುರುಕಾದರೆ ಸ್ಮ್ಯಾಡ್ ಅನ್ನೋ ಪ್ರೋಟೀನಿಗೆ ಫಾಸ್ಫೇಟ್ ಅಂಟುತ್ತೆ, ಸ್ಮ್ಯಾಡ್ ನ್ಯೂಕ್ಲಿಯಸ್ಸಿಗೆ ಹೋಗಿ ಜೀನ್‌ಗಳನ್ನ ಮುಟ್ಟುತ್ತೆ, ಜೀವಕೋಶ ಚರ್ಮ ಆಗುತ್ತೆ. 1990ರ ದಶಕದಲ್ಲಿ ಆರ್ಗನೈಸರ್ ಸ್ರವಿಸೋ ಪ್ರೋಟೀನ್‌ಗಳು ಸಿಕ್ಕವು: 1992ರಲ್ಲಿ ನಾಗಿನ್, 1994ರಲ್ಲಿ ಕಾರ್ಡಿನ್. (ಈ ನಾಗಿನ್‌ಗೂ ಟಿವಿ ಸೀರಿಯಲ್ಲಿಗೂ ಸಂಬಂಧ ಇಲ್ಲ!) ಇವು ಮೆದುಳಾಗು ಅಂತ ಆಜ್ಞೆ ಕೊಡ್ತವೆ ಅಂತ ಎಲ್ಲರೂ ಅಂದ್ಕೊಂಡಿದ್ದರು. ನೋಡಿದರೆ ಅವು ಮಾಡೋದು ಬಿಎಂಪಿಯನ್ನ ಹೊರಗೇ ಹಿಡಿದು ನಿಲ್ಲಿಸೋದು. ರಿಸೆಪ್ಟರಿಗೆ ಸಿಗ್ನಲ್ ಸಿಗಲ್ಲ, ಕೈನೇಸ್ ಸುಮ್ಮನಾಗುತ್ತೆ, ಚರ್ಮ ಆಗಬೇಕಿದ್ದ ಜೀವಕೋಶ ನರದ ದಾರಿ ಹಿಡಿಯುತ್ತೆ. ಕೈನೇಸ್ ಭಾಗವನ್ನೇ ಕತ್ತರಿಸಿದ ರಿಸೆಪ್ಟರ್ ತುಂಬಿದರೂ ಅದೇ ಫಲ. 2005ರಲ್ಲಿ ಕಪ್ಪೆ ಭ್ರೂಣದಿಂದ ನಾಗಿನ್, ಕಾರ್ಡಿನ್, ಜೊತೆಗೆ ಫಾಲಿಸ್ಟಾಟಿನ್ ಮೂರನ್ನೂ ಒಟ್ಟಿಗೆ ಇಲ್ಲದಂತೆ ಮಾಡಿದಾಗ ನರಫಲಕವೇ ಹೆಚ್ಚುಕಮ್ಮಿ ಇಲ್ಲವಾಯ್ತು.

ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಇದು ಎರಡು ನಾಟ್ ಗೇಟ್. ಬಿಎಂಪಿ ನರಮಂಡಲವನ್ನ ತಡೆಯುತ್ತೆ, ಆರ್ಗನೈಸರ್ ಬಿಎಂಪಿಯನ್ನ ತಡೆಯುತ್ತೆ. ಹಿಲ್ಡೆಯ ಕಸಿ ತುಂಡು ಕಂದು ಜೀವಕೋಶಗಳಿಗೆ ಮುಖ್ಯವಾಗಿ ಹೇಳಿದ್ದು ಹೀಗೆ ಮಾಡು ಅಂತಲ್ಲ, ಆ ಮಾತು ಕೇಳಬೇಡ ಅಂತ. ಎಲ್ಲಾ ಬರೀ ಮೌನದಿಂದಲೇ ಆಗುತ್ತೆ ಅಂದ್ಕೋಬೇಡಿ. ಎಫ್‌ಜಿಎಫ್ ರಿಸೆಪ್ಟರ್ ಅನ್ನೋ ಇನ್ನೊಂದು ಕೈನೇಸ್ ಚುರುಕಾಗಿ ಇರಲೇಬೇಕು. 1991ರಲ್ಲಿ ಅದನ್ನ ಕೆಡಿಸಿದ ಕಪ್ಪೆ ಭ್ರೂಣಗಳಲ್ಲಿ ತಲೆ ಬಂತು, ಮೈಯ ಹಿಂಭಾಗ ಮತ್ತು ಬಾಲ ಸರಿಯಾಗಿ ಬರಲಿಲ್ಲ.

ನನಗೆ ಎಲ್ಲಕ್ಕಿಂತ ರೋಮಾಂಚನ ಆದದ್ದು 1995ರ ಪ್ರಯೋಗಗಳ ಬಗ್ಗೆ ಓದಿದಾಗ. ಜಿಎಸ್‌ಕೆ-3 ಅಂತ ಒಂದು ಕೈನೇಸ್ ಇದೆ. ಕಪ್ಪೆ ಭ್ರೂಣದ ಹೊಟ್ಟೆ ಕಡೆಯ ಜೀವಕೋಶಗಳಲ್ಲಿ ಅದನ್ನ ಕೆಲಸ ಮಾಡದ ಹಾಗೆ ಮಾಡಿದರು. ಅಷ್ಟೆ, ಬೇರೆ ಏನೂ ಕಸಿ ಮಾಡಲಿಲ್ಲ. ಅಲ್ಲೊಂದು ಎರಡನೇ ಬೆನ್ನು ಎದ್ದಿತು! ಹಿಲ್ಡೆ ಕೂದಲ ಕುಣಿಕೆಯಿಂದ ಮಾಡಿದ್ದನ್ನ ಒಂದು ಕೈನೇಸನ್ನ ಆಫ್ ಮಾಡಿ ಮಾಡಿದ ಹಾಗಾಯ್ತು.

ಹಾಗಂತ ಎಲ್ಲಾ ಜೀವಕೋಶಗಳೂ ಯಾವಾಗಲೂ ಕೇಳಿಸಿಕೊಳ್ಳಲ್ಲ. ಅದೇ ತುಟಿಯನ್ನ ಸ್ವಲ್ಪ ವಯಸ್ಸಾದ ಭ್ರೂಣಕ್ಕೆ ಹಾಕಿದರೆ ಅಷ್ಟು ಪರಿಣಾಮ ಇರಲ್ಲ. ಯಾವ ಜೀವಕೋಶದಲ್ಲಿ ಯಾವ ರಿಸೆಪ್ಟರ್, ಯಾವ ಹೊತ್ತಿಗೆ ತಯಾರಾಗಿದೆ ಅನ್ನೋದು ಮುಖ್ಯ. ಪ್ರತಿ ಅಂಗದಲ್ಲೂ ಇದೇ ಲೆಕ್ಕ. ಮೂತ್ರಪಿಂಡವನ್ನೇ ತಗೊಳ್ಳಿ. ಅದು ಬೆಳೆಯೋದು ಒಂದು ನಳಿಕೆಯಿಂದ ಮೊಗ್ಗು ಒಡೆದು. ಆ ಮೊಗ್ಗಿನ ಜೀವಕೋಶಗಳಲ್ಲಿ ರೆಟ್ ಅನ್ನೋ ಕೈನೇಸ್ ರಿಸೆಪ್ಟರ್ ಇರುತ್ತೆ, ಪಕ್ಕದ ಅಂಗಾಂಶ ಸಿಗ್ನಲ್ ಕಳಿಸುತ್ತೆ, ಮೊಗ್ಗು ಅದರ ಕಡೆ ಚಾಚಿ ಕವಲೊಡೆಯುತ್ತೆ. ರೆಟ್ ಇಲ್ಲದ ಇಲಿಮರಿಗಳಿಗೆ ಮೂತ್ರಪಿಂಡ ಇರೋದಿಲ್ಲ, ಇದ್ದರೂ ಪೂರ್ತಿ ಬೆಳೆದಿರಲ್ಲ. ಮನುಷ್ಯರಲ್ಲಿ ರೆಟ್ ದೋಷ ಇದ್ದರೆ ಕೆಲವು ಮಕ್ಕಳಿಗೆ ದೊಡ್ಡ ಕರುಳಿನ ಕೊನೆಯಲ್ಲಿ ನರಕೋಶಗಳೇ ಇಲ್ಲದೆ ಮಲ ಮುಂದೆ ಸಾಗದ ತೊಂದರೆ ಬರುತ್ತೆ, ಆಪರೇಷನ್ ಮಾಡಬೇಕಾಗುತ್ತೆ. ನ್ಯೂಟ್ ಮೊಟ್ಟೆಯ ಪ್ರಶ್ನೆ ಮಕ್ಕಳ ಆಸ್ಪತ್ರೆ ತನಕ ಬಂದಿದೆ.

ಲ್ಯಾಬಿನ ಆ ಇಬ್ಬರು ಗೆಳೆಯರು ಏನಾದರು? ಹೋಲ್ಟ್‌ಫ್ರೇಟರ್ 1931ರಲ್ಲಿ ಭ್ರೂಣಗಳನ್ನ ಇಡೋಕೆ ಒಂದು ಉಪ್ಪುನೀರಿನ ದ್ರಾವಣದ ಸೂತ್ರ ಕೊಟ್ಟರು. ಅದರಲ್ಲಿ ಕಸಿ ಮಾಡಿದ ಭ್ರೂಣಗಳು ಎಷ್ಟೋ ಚೆನ್ನಾಗಿ ಬದುಕಿದವು. ಅದು ಹತ್ತು ವರ್ಷ ಮುಂಚೆ ಸಿಕ್ಕಿದ್ದರೆ ಹಿಲ್ಡೆಗೆ ಎಷ್ಟು ವಸಂತ ಉಳೀತಿತ್ತೋ. ಹ್ಯಾಂಬರ್ಗರ್ ಯಹೂದಿ ಮನೆತನದವರು. 1932ರಲ್ಲಿ ಅಮೆರಿಕಕ್ಕೆ ಫೆಲೋಶಿಪ್ ಮೇಲೆ ಹೋದವರಿಗೆ, ಹಿಟ್ಲರ್ ಬಂದ ಮೇಲೆ ವಾಪಸ್ ಬರೋಕೆ ಕೆಲಸವೇ ಉಳಿದಿರಲಿಲ್ಲ. ಸೇಂಟ್ ಲೂಯಿಸ್‌ನಲ್ಲಿ ನೆಲೆ ನಿಂತು, 1947ರಲ್ಲಿ ಇಟಲಿಯಿಂದ ರೀಟಾ ಲೆವಿ-ಮೊಂಟಾಲ್ಚಿನಿ ಅವರನ್ನ ತಮ್ಮ ಲ್ಯಾಬಿಗೆ ಕರೆಸಿದರು. ಅಲ್ಲಿಂದ ಶುರುವಾದ ಕೆಲಸದಲ್ಲಿ ನರ್ವ್ ಗ್ರೋತ್ ಫ್ಯಾಕ್ಟರ್ ಸಿಕ್ಕಿತು. ಅದರ ರಿಸೆಪ್ಟರ್ ಕೂಡ ಒಂದು ಕೈನೇಸ್ ಅಂತ 1991ರಲ್ಲಿ ಗೊತ್ತಾಯ್ತು. ಅದಕ್ಕೆ 1986ರಲ್ಲೇ ನೊಬೆಲ್ ಬಂದಿತ್ತು, ರೀಟಾ ಅವರಿಗೆ ಮತ್ತು ಸ್ಟ್ಯಾನ್ಲಿ ಕೊಹೆನ್ ಅವರಿಗೆ. ಹ್ಯಾಂಬರ್ಗರ್ ಹೆಸರು ಇರಲಿಲ್ಲ.

ಅದಕ್ಕೆ ಎರಡು ವರ್ಷ ಮುಂಚೆ, 1984ರಲ್ಲಿ, ಹ್ಯಾಂಬರ್ಗರ್ ಒಂದು ಲೇಖನ ಬರೆದಿದ್ದರು. ವಿಷಯ ಹಿಲ್ಡೆ ಮ್ಯಾಂಗೋಲ್ಡ್. ಶೀರ್ಷಿಕೆಯಲ್ಲೇ ಅವಳನ್ನ ಆರ್ಗನೈಸರಿನ ಸಹ-ಸಂಶೋಧಕಿ ಅಂತ ಕರೆದರು. ಆಗ ಅವರಿಗೆ 80 ದಾಟಿತ್ತು. ಅವರು 2001ರಲ್ಲಿ, ನೂರು ವರ್ಷ ತುಂಬಿಸಿ ತೀರಿಕೊಂಡರು. ಹಿಲ್ಡೆಗಿಂತ ಅವರು ಎರಡೇ ವರ್ಷ ಚಿಕ್ಕವರು.